ಕುರ್ಚಿ ಕಂಪನಿಯದು, ಕಾಗದದಲ್ಲಿ ಕನ್ಸಲ್ಟೆಂಟ್



ರಾಜ್ಯದ ತೆರಿಗೆ ಸಲಹೆಗಾರರ ಈ ಸಮ್ಮೇಳನದ ಅಧ್ಯಕ್ಷತೆಗೆ ನನ್ನನ್ನು ಕರೆದಿದ್ದೀರಿ. ಬಜೆಟ್, ಜಿಎಸ್‌ಟಿ ತಿದ್ದುಪಡಿಗಳ ಬಗ್ಗೆ ಮುಂದಿನ ಗೋಷ್ಠಿಗಳಲ್ಲಿ ಬಲ್ಲವರು ಮಾತಾಡುತ್ತಾರೆ. ನಾನು ಒಂದೇ ವಿಷಯ ಹಿಡಿದು ನಿಂತಿದ್ದೇನೆ: ಜುಲೈ ಬಂತೆಂದರೆ ಫಾರಂ 16ಎ ಹಿಡಿದು ನಮ್ಮ ಕಚೇರಿ ಬಾಗಿಲಿಗೆ ಬರುವ ‘ಕನ್ಸಲ್ಟೆಂಟ್’ಗಳು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಸೆಕ್ಷನ್‌ಗಳ ಸಂಖ್ಯೆಯನ್ನೆಲ್ಲ ಬದಲಿಸಿದೆ. ನಮ್ಮ ನಾಲಿಗೆಗೆ ರೂಢಿಯಾದ ಹಳೆಯ ಸಂಖ್ಯೆಗಳಲ್ಲೇ ಹೇಳುತ್ತೇನೆ, ಅವಕಾಶ ಕೊಡಿ.

ಮೊದಲು ಆಸೆ ಎಲ್ಲಿದೆ ನೋಡೋಣ. ವರ್ಷಕ್ಕೆ 18 ಲಕ್ಷ ಪಡೆಯುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿ. ಸಂಬಳವಾದರೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿ ತೆರಿಗೆ 1,50,800 ರೂಪಾಯಿ. ಅದೇ ಹಣ ವೃತ್ತಿಪರ ಶುಲ್ಕವೆಂದು ಬಂದರೆ 44ಎಡಿಎ ಪ್ರಕಾರ ಅರ್ಧವೇ ಆದಾಯ, ಅಂದರೆ 9 ಲಕ್ಷ. 12 ಲಕ್ಷದೊಳಗಿನ ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ. ಶುಲ್ಕದ ಮೇಲೆ 194ಜೆ ಅಡಿ ಶೇ 10ರಂತೆ ಮುರಿದ ಟಿಡಿಎಸ್ 1,80,000 ಪೂರ್ತಿ ವಾಪಸ್. 20 ಲಕ್ಷ ದಾಟದ ಕಾರಣ ಜಿಎಸ್‌ಟಿ ನೋಂದಣಿಯ ತಲೆಬಿಸಿಯೂ ಇಲ್ಲ. ಈ ಲೆಕ್ಕವನ್ನು ನಾವೇ ಎಷ್ಟೋ ಜನರಿಗೆ ಹಾಕಿಕೊಟ್ಟಿದ್ದೇವೆ. ನಿಜಕ್ಕೂ ಸ್ವತಂತ್ರವಾಗಿ ದುಡಿಯುವವರಿಗೆ ಅದು ಕಾನೂನು ಕೊಟ್ಟ ಹಕ್ಕು, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ದಾರಿಯಲ್ಲಿ ಈಗ ಯಾರನ್ನು ನೂಕುತ್ತಿದ್ದಾರೆ? ಬೆಳ್ತಂಗಡಿ ಕಡೆಯ ಒಬ್ಬ ಹುಡುಗಿ ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ತಿಂಗಳಿಗೆ 30 ಸಾವಿರಕ್ಕೆ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಒಂಬತ್ತೂವರೆಗೆ ಬೆರಳೊತ್ತಬೇಕು, ರಜೆಗೆ ಮ್ಯಾನೇಜರರ ಒಪ್ಪಿಗೆ ಬೇಕು, ಲ್ಯಾಪ್‌ಟಾಪ್ ಕಂಪನಿಯದು, ಬೇರೆಯವರ ಕೆಲಸ ಹಿಡಿಯುವಂತಿಲ್ಲ. ಒಪ್ಪಂದದ ಮೊದಲ ಪುಟದಲ್ಲಿ ಮಾತ್ರ ಆಕೆ ‘ಸ್ವತಂತ್ರ ಸಲಹೆಗಾರ್ತಿ’. ವರ್ಷದ ಆದಾಯ 3,60,000. ತೆರಿಗೆ ಕಟ್ಟುವ ಪ್ರಮೇಯವೇ ಇಲ್ಲ. ಆದರೂ ತಿಂಗಳಿಗೆ 3,000 ಟಿಡಿಎಸ್ ಮುರಿದು ಕೈಗೆ 27 ಸಾವಿರ ಕೊಡುತ್ತಾರೆ. ಆ ಮೂರು ಸಾವಿರ ಮರಳಿ ಸಿಗಲು ಮುಂದಿನ ವರ್ಷ ರಿಟರ್ನ್ ತುಂಬಿ ಕಾಯಬೇಕು. ಕಂಪನಿ ಕಟ್ಟಬೇಕಿದ್ದ ಪಿಎಫ್ ಪಾಲು, ಗ್ರಾಚ್ಯುಟಿ, 26 ವಾರದ ಹೆರಿಗೆ ರಜೆ ಯಾವುದೂ ಇಲ್ಲ. ಟಿಡಿಎಸ್ ವಾಪಸ್ ಕೇಳಿಕೊಂಡು ಬಂದವಳು ಮಾತಿನ ನಡುವೆ ಹೇಳಿದಳು, ತನ್ನ ತಾಯಿ ಊರಲ್ಲಿ ಬೀಡಿ ಕಟ್ಟಿದವರು, ಅವರಿಗೆ ಪಿಎಫ್ ಪಿಂಚಣಿ ಬರುತ್ತದೆ ಎಂದು.

ಈ ತಾಯಿ ಮಗಳ ನಡುವಿನ ವ್ಯತ್ಯಾಸವನ್ನು ಈ ಸಭೆ ನಿಧಾನವಾಗಿ ಯೋಚಿಸಬೇಕು. ಬೀಡಿ ಕಟ್ಟುವ ಹೆಂಗಸು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯ ಜಗಲಿಯಲ್ಲಿ ಕೂತು ಕಟ್ಟಿದವಳು. ಗಂಟೆಯ ಕಟ್ಟುಪಾಡಿಲ್ಲ, ಮೇಸ್ತ್ರಿಯ ಕಾವಲಿಲ್ಲ, ನಡುವೆ ಕಂಟ್ರಾಕ್ಟುದಾರ ಬೇರೆ. ಆಕೆ ತಮ್ಮ ನೌಕರಳಲ್ಲ ಎಂದು ಮಾಲೀಕರು ವಾದಿಸಿದ್ದು ಇದೇ ಆಧಾರದ ಮೇಲೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸಹ ಇತ್ತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಕಾನೂನಿನ ರಕ್ಷಣೆ ಉಳಿಯಿತು. ಮುಂದೆ 1985ರಲ್ಲಿ, ಪಿ.ಎಂ. ಪಟೇಲ್ ಪ್ರಕರಣದಲ್ಲಿ, ಭವಿಷ್ಯನಿಧಿಯ ಪ್ರಶ್ನೆಯೇ ಬಂತು. ತಂದ ಬೀಡಿಯಲ್ಲಿ ಕೆಟ್ಟದ್ದನ್ನು ಆರಿಸಿ ತಿರಸ್ಕರಿಸುವ ಹಕ್ಕು ಮಾಲೀಕನಿಗಿದೆಯಲ್ಲ, ನಿಯಂತ್ರಣಕ್ಕೆ ಅದು ಸಾಕು ಎಂದಿತು ನ್ಯಾಯಾಲಯ.

ಇದಕ್ಕೂ ಹಿಂದೆ, 1956ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ತೀರ್ಪಿನಲ್ಲಿ, ಸೌರಾಷ್ಟ್ರದ ಉಪ್ಪಿನ ಗದ್ದೆಗಳ ಅಗರಿಯಾಗಳಿಗೂ ಹೀಗೇ ನ್ಯಾಯ ಸಿಕ್ಕಿತ್ತು. ಅವರು ತಾವೇ ಆಳುಗಳನ್ನು ಇಟ್ಟುಕೊಳ್ಳಬಹುದಿತ್ತು, ಕೆಲಸದ ವೇಳೆ ಅವರ ಇಷ್ಟದ್ದು, ಕೂಲಿ ಉಪ್ಪಿನ ತೂಕದ ಮೇಲೆ. ಆದರೂ ಅವರು ಕಾರ್ಮಿಕರೇ ಎಂದು ತೀರ್ಮಾನವಾಯಿತು. 1973ರಲ್ಲಿ ಸಿಕಂದರಾಬಾದಿನ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸಿನ ದರ್ಜಿಗಳದೂ ಇದೇ ಕಥೆ. ಪೀಸಿನ ಲೆಕ್ಕದಲ್ಲಿ ಹೊಲಿದರೂ ಯಂತ್ರ ಅಂಗಡಿಯದು, ಸರಿಯಿಲ್ಲದ ಹೊಲಿಗೆ ಬಿಚ್ಚಿ ಮತ್ತೆ ಹೊಲಿ ಎನ್ನುವ ಅಧಿಕಾರವೂ ಅಂಗಡಿಯದು. ಆದ್ದರಿಂದ ಅವರು ನೌಕರರು.

ಜಗಲಿಯಲ್ಲಿ ಕೂತವಳು, ಉಪ್ಪಿನ ಗದ್ದೆಯಲ್ಲಿ ನಿಂತವನು ನೌಕರರಾದರು. ಕಂಪನಿಯ ಕುರ್ಚಿಯಲ್ಲಿ ಕೂತು ಬೆರಳೊತ್ತುವವಳು ಮಾತ್ರ ಸ್ವತಂತ್ರಳಂತೆ. ಇದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಜವಾದ ಸ್ವತಂತ್ರರು ಇದ್ದಾರೆ, ಅವರನ್ನೂ ಮರೆಯಬಾರದು. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ ತೆರಿಗೆ ಇಲಾಖೆ ಆಸ್ಪತ್ರೆಯ ಕನ್ಸಲ್ಟೆಂಟ್ ವೈದ್ಯರ ಶುಲ್ಕವನ್ನು ಸಂಬಳವೆಂದು ಹಿಡಿಯಿತು. 2015ರಲ್ಲಿ ನಮ್ಮ ಹೈಕೋರ್ಟು ಒಪ್ಪಂದವನ್ನು ಇಡಿಯಾಗಿ ಓದಿ, ಅದು ವೃತ್ತಿಯ ಆದಾಯವೇ ಎಂದಿತು. ತೀರ್ಮಾನ ಯಾವ ಕಡೆಗೆ ಹೋದರೂ ನ್ಯಾಯಾಲಯ ನೋಡಿದ್ದು ಸಂಬಂಧವನ್ನು. 194ಜೆ ಅಡಿ ಟಿಡಿಎಸ್ ಮುರಿದಿದ್ದಾರೆ ಎಂಬುದು ಹಣ ಕೊಡುವವನು ತಾನೇ ಬರೆದುಕೊಂಡ ಮಾತು, ಅಷ್ಟೇ. ನಾವು ಅದನ್ನೇ ತೀರ್ಪಿನಂತೆ ಓದುತ್ತಿದ್ದೇವೆ. ಡಾಟಾ ಎಂಟ್ರಿಯವರನ್ನೂ ಸೇಲ್ಸ್ ಹುಡುಗರನ್ನೂ 44ಎಡಿಎಗೆ ತುರುಕಿ ಐಟಿಆರ್-4 ಹಾಕುವುದೂ ನಡೆದಿದೆ. ಆ ಸೆಕ್ಷನ್ ಇರುವುದು ಗೊತ್ತುಪಡಿಸಿದ ವೃತ್ತಿಗಳಿಗೆ ಮಾತ್ರ. ನಾಳೆ ಇಲಾಖೆ ಅದನ್ನು ಸಂಬಳವೆಂದು ಹಿಡಿದರೆ ಬಡ್ಡಿ ಕಟ್ಟುವವರು ಆ ಹುಡುಗರು.

ಗಿಗ್ ಕಾರ್ಮಿಕರಿಗೆ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮ ಶುಲ್ಕ, ಕೆಲಸದಿಂದ ತೆಗೆಯಲು 14 ದಿನದ ನೋಟಿಸು. ಒಳ್ಳೆಯ ಹೆಜ್ಜೆ. ಆದರೆ ಅದು ಆ್ಯಪ್ ಮೂಲಕ ದುಡಿಯುವವರಿಗೆ. ನಾನು ಹೇಳಿದ ಹುಡುಗಿ ಅಲ್ಲಿಗೂ ಸೇರಲಿಲ್ಲ, ಇಲ್ಲಿಗೂ ಸೇರಲಿಲ್ಲ.

ಕಂಪನಿಗಳೂ ನಮ್ಮ ಕಕ್ಷಿದಾರರೇ, ಅವರ ಕಷ್ಟ ನನಗೆ ಗೊತ್ತು. ಆರು ತಿಂಗಳ ಕೆಲಸಕ್ಕೆ ಕಾಯಂ ನೌಕರರನ್ನು ಹೇಗೆ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕಾಲಮಿತಿಯ ನೇಮಕಾತಿಗೆ ಜಾಗವಿದೆ. ಅವಧಿ ಮುಗಿದರೆ ನೇಮಕವೂ ಮುಗಿಯಿತು. ವರ್ಷ ತುಂಬಿದ್ದರೆ ಗ್ರಾಚ್ಯುಟಿ ಕೊಡಬೇಕು. ಈ ದಾರಿ ತೋರಿಸುವುದು ನಮ್ಮ ಕೆಲಸ. ‘ಕನ್ಸಲ್ಟೆಂಟ್ ಅಂತ ಮಾಡಿಬಿಡಿ’ ಎಂಬ ಸಲಹೆ ನಮ್ಮ ಬಾಯಿಂದ ಹೊರಡಬಾರದು.

ಮಧ್ಯಾಹ್ನ ಮಂಡನೆಯಾಗುವ ನಿರ್ಣಯದ ಕರಡಿಗೆ ಎರಡು ಮಾತು ಸೇರಿಸಲು ಕೋರುತ್ತೇನೆ. 194ಜೆ ಆದಾಯದ ರಿಟರ್ನ್ ತುಂಬುವ ಮೊದಲು ಒಪ್ಪಂದ ತರಿಸಿ ಓದಿ, ಕಕ್ಷಿದಾರರು ಏನು ಕಳೆದುಕೊಳ್ಳುತ್ತಿದ್ದಾರೆ ಎಂದು ನಾವು ಬರವಣಿಗೆಯಲ್ಲಿ ತಿಳಿಸಬೇಕು. ಇನ್ನು, ಒಬ್ಬರಿಗೆ ಹನ್ನೆರಡೂ ತಿಂಗಳು ಒಂದೇ ಸಂಸ್ಥೆಯಿಂದ ಒಂದೇ ಮೊತ್ತ ಶುಲ್ಕವಾಗಿ ಹೋಗಿದ್ದರೆ, ಆ ಮಾಹಿತಿ ತೆರಿಗೆ ಇಲಾಖೆಯಿಂದ ಭವಿಷ್ಯನಿಧಿ ಸಂಘಟನೆಗೆ ತಲುಪುವ ವ್ಯವಸ್ಥೆ ಮಾಡುವಂತೆ ಕೇಂದ್ರ ಸರ್ಕಾರವನ್ನು ನಾವು ಕೇಳಬೇಕು. ಇದಕ್ಕೆ ನಿಮ್ಮಲ್ಲಿ ಕೆಲವರ ವಿರೋಧವಿದೆ ಎಂದು ಬಲ್ಲೆ. ಅವರ ಮಾತು ಪೂರ್ತಿ ಕೇಳಿದ ಮೇಲೆಯೇ ನಿರ್ಣಯವನ್ನು ಮತಕ್ಕೆ ಹಾಕುತ್ತೇನೆ. ನನ್ನ ಮತ ಅದರ ಪರವಾಗಿ ಎಂದು ಈಗಲೇ ತಿಳಿಸಿರುತ್ತೇನೆ.