ಕಥೆಯವರಿಗಾಗಿ ಅಳುವುದು

ನಮ್ಮ ಚಾಮರಾಜನಗರದ ಸೀಮೆಯಲ್ಲಿ ರಾತ್ರಿಯೆಲ್ಲ ಕೂತು ನಮ್ಮ ದೇವರು ಮಾದಪ್ಪನ ಕಥೆ ಕೇಳಿದವರಿಗೆ ಅದರೊಳಗಿನ ಸಂಕಮ್ಮನ ಸಾಲು, ಅಂದರೆ ಅವಳ ಕಥಾಭಾಗ, ಗೊತ್ತು. ಗಂಡ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ನಾನು ಬರುವ ತನಕ ನಡತೆ ಕೆಡಿಸಿಕೊಳ್ಳುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ತಪ್ಪೇ ಮಾಡದವಳು ಭಾಷೆ ಯಾಕೆ ಕೊಡಬೇಕು? ಸಂಕಮ್ಮ ಕೊಡುವುದಿಲ್ಲ. ಆಮೇಲೆ ಅವಳು ಪಡುವ ಪಾಡನ್ನು ಕಥೆ ಹಾಡುವ ದೇವರಗುಡ್ಡರು ಕಂಸಾಳೆಯ ತಾಳ ತಗ್ಗಿಸಿ ಹಾಡುವಾಗ ಕೇಳುತ್ತಾ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಕಥೆ ಅವರಿಗೆ ಹೊಸದಲ್ಲ. ಮಾದಪ್ಪ ಬಂದು ಕಾಯುತ್ತಾನೆ, ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ಫಲ ಕೊಡುತ್ತಾನೆ ಎಂಬುದೂ ಗೊತ್ತು. ಗೊತ್ತಿದ್ದೂ ಅಳು ಬರುತ್ತದೆ. ಭಕ್ತರಿಗೆ ಸಂಕಮ್ಮ ಬರಿಯ ಕಥೆಯಲ್ಲ, ನಿಜ. ಆದರೆ ಅವಳನ್ನು ಕಣ್ಣಾರೆ ಕಂಡವರೂ ಅಲ್ಲಿ ಯಾರಿಲ್ಲ. ಹಾಡಿನಲ್ಲೇ ಅವಳು ಅವರ ಮನೆಮಗಳಾದಳು.

ಇವತ್ತು ಗುಂಡ್ಲುಪೇಟೆಯಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗ ರಾತ್ರಿ ಮೊಬೈಲಿನಲ್ಲಿ ಅನಿಮೆ ಎಂಬ ಜಪಾನಿನ ಕಾರ್ಟೂನ್ ನೋಡುತ್ತಾ ಅಳುತ್ತಿದ್ದಾನೆ ಎಂದುಕೊಳ್ಳಿ. 'ಒನ್ ಪೀಸ್' ಕಥೆಯ ಏಸ್ ಸತ್ತಿದ್ದಾನೆ. ತಮ್ಮ ಲೂಫಿಗೆ ಬೀಳಲಿದ್ದ ಪೆಟ್ಟಿಗೆ ತನ್ನ ಮೈಯೊಡ್ಡಿ, ಆ ತಮ್ಮನ ತೋಳಿನಲ್ಲೇ ಪ್ರಾಣ ಬಿಟ್ಟಿದ್ದಾನೆ. ಅವರು ಒಡಹುಟ್ಟಿದವರೂ ಅಲ್ಲ, ಅಣ್ಣತಮ್ಮಂದಿರಾಗಿರುತ್ತೇವೆಂದು ಮಾತು ಕೊಟ್ಟುಕೊಂಡವರು. ಎಯಿಚಿರೊ ಓಡಾ ಈ ಕಥೆಯನ್ನು ಮಂಗಾ ಎಂಬ ಚಿತ್ರಕಥೆಗಳ ಪತ್ರಿಕೆಯಲ್ಲಿ ಬರೆಯಲು ಶುರು ಮಾಡಿದ್ದು 1997ರ ಜುಲೈನಲ್ಲಿ. ಮರುತಿಂಗಳೇ ಚಾಮರಾಜನಗರ ಜಿಲ್ಲೆಯಾಯಿತು. ನಮ್ಮ ಜಿಲ್ಲೆಯಷ್ಟೇ ವಯಸ್ಸಿನ, ಅಷ್ಟು ಉದ್ದದ ಕಥೆ! ಅದರ ಜೊತೆ ವರ್ಷಗಟ್ಟಲೆ ಇದ್ದವನಿಗೆ ಏಸ್‌ನ ಮನಸ್ಸು ಪಕ್ಕದ ಮನೆಯವರ ಮನಸ್ಸಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಾಗಿಲಲ್ಲಿ ನಿಂತ ಅಪ್ಪ, "ಲೋ, ಬೊಂಬೆ ಸತ್ತದ್ದಕ್ಕೆ ಅಳ್ತೀಯಲ್ಲೋ" ಎನ್ನುತ್ತಾರೆ. ಹುಡುಗ ಮುಖ ಒರೆಸಿಕೊಂಡು ದೀಪ ಆರಿಸುತ್ತಾನೆ.

ಅಂಥ ಅಪ್ಪಂದಿರಿಗೆ ಒಂದು ಮಾತು ನೆನಪಿಸಬೇಕು. 1972ರಲ್ಲಿ 'ಬಂಗಾರದ ಮನುಷ್ಯ' ಚಿತ್ರ ಬಂತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅದರ ನಾಯಕ ರಾಜೀವನಾದವರು ನಮ್ಮ ಪಕ್ಕದ ಗಾಜನೂರಿನ ರಾಜಕುಮಾರ್. ಕಲ್ಲುಭೂಮಿಯನ್ನು ಹಸನು ಮಾಡಿ, ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದ ರಾಜೀವ ಕೊನೆಗೆ ತಾನು ಸಾಕಿದವನ ಬಾಯಿಂದಲೇ ಚುಚ್ಚುಮಾತು ಕೇಳಿ ಮನೆ ಬಿಟ್ಟು ನಡೆದುಬಿಡುತ್ತಾನೆ. ಟಾಕೀಸಿನಲ್ಲಿ ಅತ್ತವರೆಷ್ಟೋ ಮಂದಿ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ನೇಗಿಲು ಹಿಡಿದವರ ಮಾತು ಈಗಲೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ರಾಜೀವನೂ ಬರೆದು ಮಾಡಿದ ಮನುಷ್ಯನೇ. ಅವನಿಗಾಗಿ ಅತ್ತದ್ದಕ್ಕೆ ಯಾರೂ ನಾಚಿಕೊಳ್ಳಲಿಲ್ಲ.

ಜಪಾನಿನವರೂ ಕಥೆಯವರಿಗಾಗಿ ಅಳುವುದನ್ನು ಸಣ್ಣ ಸಂಗತಿ ಎಂದುಕೊಳ್ಳಲಿಲ್ಲ. 'ಅಶಿತಾ ನೊ ಜೋ' ಎಂಬ ಮಂಗಾದಲ್ಲಿ ರಿಕಿಇಶಿ ಎಂಬ ಬಾಕ್ಸರ್ ಇದ್ದಾನೆ. ಎದುರಾಳಿ ಜೋನ ತೂಕದ ವರ್ಗಕ್ಕೆ ಇಳಿಯಬೇಕೆಂದು ಅನ್ನ ನೀರು ಬಿಟ್ಟು ಮೈ ಒಣಗಿಸಿಕೊಂಡು, ಪಂದ್ಯ ಗೆದ್ದು, ಸತ್ತುಹೋಗುತ್ತಾನೆ. 1970ರ ಮಾರ್ಚ್ 24ರಂದು ಟೋಕಿಯೊದಲ್ಲಿ ಆ ಮಂಗಾದ ಪ್ರಕಾಶಕರಾದ ಕೊದಾನ್ಶಾ ಸಂಸ್ಥೆಯಲ್ಲಿ ಅವನಿಗೆ ಉತ್ತರಕ್ರಿಯೆ ನಡೆಯಿತು. ಮುಂದೆ ನಿಂತು ಮಾಡಿಸಿದವರು ಕವಿ, ನಾಟಕಕಾರ ಶೂಜಿ ತೆರಾಯಾಮಾ. ಸುಮಾರು 700 ಜನ ಬಂದಿದ್ದರು. ಕಾಗದದ ಮೇಲಿನ ಗೆರೆಗಳಲ್ಲಿ ಬದುಕಿದ್ದವನಿಗೆ ಜನ ಸೇರಿ ಕಣ್ಣೀರಿಟ್ಟರು. ನನಗೆ ಇದು ಹುಚ್ಚಾಟ ಅನ್ನಿಸುವುದಿಲ್ಲ. ದುಃಖಕ್ಕೆ ಜೊತೆ ಬೇಕಿತ್ತು, ಅವರು ಜೊತೆ ಮಾಡಿಕೊಂಡರು.

ಅಂದಿಗೂ ಇಂದಿಗೂ ವ್ಯತ್ಯಾಸ ಕಾಣುವುದು ಇಲ್ಲೇ. ಸಂಕಮ್ಮನಿಗಾಗಿ ಅತ್ತವರು ಒಟ್ಟಿಗೆ ಕೂತು ಅತ್ತರು. ಪಕ್ಕದವಳ ಕಣ್ಣೂ ಒದ್ದೆಯಾಗಿತ್ತು. ರಾಜೀವನಿಗಾಗಿ ಅತ್ತವರು ಊರಿನ ದಾರಿಯುದ್ದಕ್ಕೂ ಅವನ ಮಾತೇ ಆಡಿಕೊಂಡು ಬಂದರು. ಮೊಬೈಲ್ ಹಿಡಿದ ನಮ್ಮ ಹುಡುಗ ಒಬ್ಬನೇ ಅಳುತ್ತಾನೆ. ಅವನ ಮನೆಯಲ್ಲಿ ಏಸ್ ಯಾರೆಂದು ಯಾರಿಗೂ ಗೊತ್ತಿಲ್ಲ. ಅಣ್ಣ ತಮ್ಮನಿಗಾಗಿ ಜೀವ ಕೊಟ್ಟದ್ದನ್ನು ಕಂಡು ಕರಗುವ ಮನಸ್ಸು ಆ ಮಗುವಿಗಿದೆ. ಅದು ಮನೆಯವರು ಸಂತೋಷಪಡಬೇಕಾದ ವಿಷಯ. ಊಟ, ನಿದ್ದೆ, ಓದು ಎಲ್ಲ ಬಿಟ್ಟು ಅದರಲ್ಲೇ ಮುಳುಗಿದರೆ ಮಾತು ಬೇರೆ, ಆಗ ಖಂಡಿತ ಗಮನ ಕೊಡಬೇಕು. ಆದರೆ ನಗೆಯಾಡಿದರೆ ಆ ಮಗು ನಾಳೆ ತನ್ನ ನಿಜವಾದ ಸಂಕಟವನ್ನೂ ನಮ್ಮ ಮುಂದೆ ಹೇಳಿಕೊಳ್ಳುವುದಿಲ್ಲ.

ಕೇಳುಗರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಇವತ್ತು ಸಂಜೆ ಪಕ್ಕದಲ್ಲಿ ಕೂತು, ಯಾರಪ್ಪಾ ಅವನು, ಏನಾಯಿತು ಅವನಿಗೆ ಎಂದು ಕೇಳಿ. ಕಥೆಯನ್ನು ಪೂರ್ತಿ ಹೇಳಲು ಬಿಡಿ. ಅದು ಮುಗಿದ ಮೇಲೆ ನೀವು ಸಂಕಮ್ಮನ ಕಥೆ ಹೇಳಿ.