ಎಂಜಿನ್ನಿಗೆ ತಕ್ಕ ಎಣ್ಣೆ
(ಗ್ರಾಮದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವ ಎತ್ತಿಗೆ ಏನು ಹಾಕಬೇಕೆಂದು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಈಗ ಎಷ್ಟೋ ಕೊಟ್ಟಿಗೆಗಳಲ್ಲಿ ಎತ್ತಿನ ಜಾಗದಲ್ಲಿ ಟಿಲ್ಲರ್ ನಿಂತಿದೆ. ಅದು ಎತ್ತಿನ ಹಾಗೆ ಮೂಸಿ ನೋಡಿ ಮುಖ ತಿರುಗಿಸುವುದಿಲ್ಲ. ಸುರಿದದ್ದನ್ನೆಲ್ಲ ಕುಡಿಯುತ್ತದೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೋದ ಮುಂಗಾರಿನಲ್ಲಿ ಪ್ರಾತ್ಯಕ್ಷಿಕೆಯ ಗದ್ದೆ ಕೆಸರು ಮಾಡಲು ಹಿರಿಯರೊಬ್ಬರ ಪವರ್ ಟಿಲ್ಲರ್ ಕೇಳಿ ತಂದಿದ್ದೆ. ಜಗಲಿಯ ಮೇಲೆ ಒಂದೇ ಬಣ್ಣದ ಎರಡು ಕ್ಯಾನು. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಕಳೆ ಕೊಚ್ಚುವ ಯಂತ್ರದ ಪೆಟ್ರೋಲು. ಅವಸರದಲ್ಲಿ ಪೆಟ್ರೋಲನ್ನೇ ಸುರಿದೆ. ವಾಸನೆಯಿಂದ ತಿಳಿಯಿತು, ಆದರೂ ಮೇಲೆ ಡೀಸೆಲ್ ಸುರಿದರೆ ನಡೆದೀತೆಂದು ಹ್ಯಾಂಡಲ್ ತಿರುಗಿಸಿದೆ. ಇದನ್ನೇ ಡಿಪ್ಲೊಮಾದಲ್ಲಿ ಓದಿ ಬಂದವನು ನಾನು! ಗದ್ದೆಯಲ್ಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಎಂಜಿನ್ನು ಬಡಿದುಕೊಂಡು ನಿಂತಿತು. ಪಂಪು, ನಾಜಲ್ ಬಿಚ್ಚಿ ಸರಿಮಾಡಿಸಲು ಐದು ದಿನ ಹಿಡಿಯಿತು. ಅಷ್ಟರಲ್ಲಿ ಅವರ ಸಸಿಮಡಿಯಲ್ಲಿ ಪೈರು ಬಲಿಯಿತು. ಹಿರಿಯರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪಂಪು, ನಾಜಲುಗಳು ಸವೆಯದಂತೆ ಜಿಡ್ಡು ಕೊಡುವುದೂ ಆ ಡೀಸೆಲ್ಲೇ. ಪೆಟ್ರೋಲಿನಲ್ಲಿ ಆ ಜಿಡ್ಡಿಲ್ಲ, ಸೀಮೆಎಣ್ಣೆಯಲ್ಲೂ ಸಾಲದು. ಆದ್ದರಿಂದ ನಾಲ್ಕು ಕಾಸು ಉಳಿಯಲೆಂದು ಸೀಮೆಎಣ್ಣೆ ಬೆರೆಸುವವರು ಪಂಪಿನ ಆಯುಸ್ಸನ್ನೇ ಮಾರುತ್ತಿದ್ದಾರೆ. ತಪ್ಪಿ ಸುರಿದಿರೋ, ಎಂಜಿನ್ನು ಚಾಲೂ ಮಾಡಲೇಬೇಡಿ. ಒಲೆ, ಬೀಡಿಗಳಿಂದ ದೂರದಲ್ಲಿ ಟ್ಯಾಂಕನ್ನು ಪೂರ್ತಿ ಬಸಿದು, ಮೆಕ್ಯಾನಿಕ್ಕನನ್ನು ಕರೆಯಿರಿ.

ಇನ್ನು ಪೆಟ್ರೋಲಿನ ಮಾತು. 2023ರಿಂದ ಹಂತಹಂತವಾಗಿ ಬಂದು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ. ನಾವು ಬೆಳೆಯುವ ಕಬ್ಬು, ಮೆಕ್ಕೆಜೋಳಗಳಿಂದಲೇ ಅದನ್ನು ಮಾಡುವುದು, ಸಂತೋಷವೇ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕಳೆ ಯಂತ್ರವನ್ನು ತಿಂಗಳುಗಟ್ಟಲೆ ಮೂಲೆಯಲ್ಲಿಡುವುದಾದರೆ ಟ್ಯಾಂಕು, ಕಾರ್ಬುರೇಟರುಗಳನ್ನು ಬರಿದು ಮಾಡಿಡಿ. ಇಲ್ಲವಾದರೆ ತುಕ್ಕು, ಅಂಟು ಕಟ್ಟುತ್ತದೆ. ಹಳೆಯ ಬೈಕುಳ್ಳವರು ರಬ್ಬರ್ ಪೈಪುಗಳನ್ನು ಒಮ್ಮೆ ನೋಡಿಸಿಕೊಳ್ಳಿ. ಮೈಲೇಜು ಸ್ವಲ್ಪ ಇಳಿಯುವುದೂ ಉಂಟು. ಟೂ-ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನೊಡನೆ ಆಯಿಲ್ ಬೆರೆಸಲೇಬೇಕು: ಕೆಲವಕ್ಕೆ ಲೀಟರಿಗೆ 20 ಮಿಲಿ, ಕೆಲವಕ್ಕೆ 40 ಮಿಲಿ. ಯಂತ್ರದ ಜೊತೆ ಬಂದ ಪುಸ್ತಕ ನೋಡಿ. ಯುವಕರು ಹೆಚ್ಚು ಬೆಲೆಯ ಪೆಟ್ರೋಲು ಹಾಕಿಸಿದರೆ ಗಾಡಿ ಹಾರುತ್ತದೆಂದು ನಂಬಿದ್ದಾರೆ. ಆ ಪುಸ್ತಕ ಕೇಳದಿದ್ದರೆ ಆ ಹಣ ದಂಡ.

ಬೆಳೆಯ ಔಷಧಿಯ ಖಾಲಿ ಡಬ್ಬಿಯಲ್ಲಿ ಎಣ್ಣೆ ತರಬೇಡಿ. ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರು ಕಟ್ಟುವುದು ಕಡಿಮೆ.

ಇವತ್ತು ಕೆಂಪು ಮತ್ತು ಹಳದಿ ಬಣ್ಣ, ಎರಡು ಬ್ರಷ್ಷು ತಂದಿದ್ದೇನೆ. ಸಭೆ ಮುಗಿದ ಕೂಡಲೇ ತಮ್ಮ ತಮ್ಮ ಕ್ಯಾನುಗಳನ್ನು ಇಲ್ಲಿಗೆ ತನ್ನಿ. ಪೆಟ್ರೋಲಿನದಕ್ಕೆ ಕೆಂಪು, ಡೀಸೆಲ್ಲಿನದಕ್ಕೆ ಹಳದಿ. ಆ ಹಿರಿಯರ ಕ್ಯಾನುಗಳಿಗೆ ಬೆಳಿಗ್ಗೆಯೇ ಬಳಿದು ಬಂದಿದ್ದೇನೆ.