ಅಕ್ಷರವೇ ಇಲ್ಲದ ಪುಸ್ತಕ ಓದೋದು ಹೇಗೆ?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ನಾನು ಓದಿದ್ದು ಬಿ.ಕಾಂ., ಟೀಚರ್ ಅಲ್ಲ. ಆದ್ರೂ ಇವತ್ತು ಮಾತು ಒಂದನೇ ಕ್ಲಾಸಿನ ಬಗ್ಗೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಕೇಳಿರ್ತೀರಿ. ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯಲ್ಲಿ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಬಂಜಾರರು ಬರ್ತಾರೆ. ಮಾತಿಗೆ ಎಲ್ಲರಿಗೂ ಒಂದೇ ಭಾಷೆ, ಲಂಬಾಣಿ. ಬರೆಯೋಕೆ ಕೂತ್ರೆ ಮಾತ್ರ ನಮ್ಮ ಕಡೆಯವರು ಕನ್ನಡ ಲಿಪಿ, ಮಹಾರಾಷ್ಟ್ರದವರು ದೇವನಾಗರಿ, ತೆಲಂಗಾಣದವರು ತೆಲುಗು ಲಿಪಿ ಹಿಡೀತಾರೆ. ಕಥೆ, ಹಾಡು, ಇತಿಹಾಸ ಎಲ್ಲವೂ ಬಾಯಿಂದ ಬಾಯಿಗೆ ಬಂದ ಸಮುದಾಯ ಅದು.

ಈಗ ತಾಂಡಾದ ಒಂದು ಮಗುವನ್ನ ನೆನೆಸಿಕೊಳ್ಳಿ. ಮನೆಯಲ್ಲಿ ಅಮ್ಮ ಅಂದ್ರೆ ‘ಯಾಡಿ’, ನೀರು ಅಂದ್ರೆ ‘ಪಾಣಿ’. ಲಂಬಾಣಿಯ ನಂಟು ರಾಜಸ್ಥಾನಿ ಕಡೆಗೆ, ಕನ್ನಡ ದ್ರಾವಿಡ ಭಾಷೆ. ಶಾಲೆಯಲ್ಲಿ ಟೀಚರ್ ಕನ್ನಡದಲ್ಲಿ ಕಥೆ ಹೇಳಿ ಪ್ರಶ್ನೆ ಕೇಳ್ತಾರೆ. ಮಗು ಸುಮ್ನೆ ಕೂರುತ್ತೆ. ಒಂದು ತಿಂಗಳಲ್ಲಿ ‘ಇದು ಸ್ವಲ್ಪ ಮಂದ’ ಅನ್ನೋ ಹಣೆಪಟ್ಟಿ ಬಿದ್ದುಬಿಡಬಹುದು. ಅದೇ ಮಗು ಮನೆಯಲ್ಲಿ ಅಜ್ಜಿ ಹತ್ರ ಪಟಪಟ ಅಂತ ಮಾತಾಡ್ತಿರುತ್ತೆ!

ಇಲ್ಲೇ ಚಿತ್ರ ಮಾತ್ರ ಇರೋ ಪುಸ್ತಕ ಕೆಲಸಕ್ಕೆ ಬರೋದು. ಒಂದು ಪುಟದಲ್ಲಿ ಮೇಕೆ ಹಗ್ಗ ಬಿಡಿಸ್ಕೊಂಡು ಓಡ್ತಿದೆ. ಮುಂದಿನ ಪುಟದಲ್ಲಿ ಸಂತೆ, ಮೇಕೆ ಬಾಯಲ್ಲಿ ಬಾಳೆಹಣ್ಣು, ಅಂಗಡಿಯವನ ಕೈಯಲ್ಲಿ ಕೋಲು. ಇದನ್ನ ಓದೋಕೆ ಕನ್ನಡ ಬೇಕಾ? ಮೊದಲು ಏನಾಯ್ತು, ಆಮೇಲೆ ಏನಾಯ್ತು, ಯಾಕಾಯ್ತು ಅನ್ನೋದನ್ನ ಮಗು ತನ್ನ ಭಾಷೆಯಲ್ಲೇ ಜೋಡಿಸುತ್ತೆ. ಓದುವಿಕೆಯ ಅರ್ಧ ಕೆಲಸ ಅದೇ. ಅಕ್ಷರ ಆಮೇಲೆ ಬಂದು ಅದರ ಮೇಲೆ ಕೂರುತ್ತೆ.

ಬಳಸೋದು ಹೇಗೆ? ಮೊದಲನೇ ಸಲ ಏನೂ ಕೇಳದೆ ನಿಧಾನಕ್ಕೆ ಪುಟ ತಿರುಗಿಸಬೇಕು. ಎರಡನೇ ಸಲ ‘ಇದೇನು?’ ಅನ್ನಬಾರದು. ಅದಕ್ಕೆ ‘ಮೇಕೆ’ ಅಂತ ಒಂದೇ ಪದದ ಉತ್ತರ ಬರುತ್ತೆ, ಮುಗೀತು. ‘ಏನಾಗ್ತಿದೆ? ಮುಂದೆ ಏನಾಗಬಹುದು?’ ಅಂತ ಕೇಳಿ, ಕಾಯಬೇಕು. ಉತ್ತರ ಲಂಬಾಣಿಯಲ್ಲಿ ಬಂದ್ರೆ ಬರಲಿ. ಟೀಚರ್‌ಗೆ ಅರ್ಥ ಆಗದಿದ್ರೆ? ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂರ್ತಾರಲ್ಲ, ಮೂರನೇ ಕ್ಲಾಸಿನ ಅಕ್ಕನೇ ಕನ್ನಡಕ್ಕೆ ತಿರುಗಿಸಿ ಹೇಳ್ತಾಳೆ. ಮಗು ಹೇಳಿದ ಒಂದು ವಾಕ್ಯವನ್ನ ಟೀಚರ್ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆದ್ರೆ, ‘ನಾನು ಹೇಳಿದ್ದೇ ಅಲ್ಲಿದೆ’ ಅಂತ ಮಗುಗೆ ಗೊತ್ತಾಗುತ್ತೆ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ದೋಣಿಯಲ್ಲಿ ನಿರಾಶ್ರಿತರು ಬಂದಿಳೀತಾರೆ. ಅಲ್ಲಿನ ಮಕ್ಕಳಿಗೂ, ಬಂದ ಮಕ್ಕಳಿಗೂ ಒಂದೇ ಭಾಷೆ ಇಲ್ಲ. 2012ರಲ್ಲಿ ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಸಂಸ್ಥೆ ಇಬ್ಬಿ, ಹಲವು ದೇಶಗಳಿಂದ ಮಾತಿಲ್ಲದ ಪುಸ್ತಕಗಳನ್ನೇ ಆರಿಸಿ ಆ ದ್ವೀಪಕ್ಕಾಗಿ ಸಂಗ್ರಹ ಶುರು ಮಾಡ್ತು.

ಹಾಗಂತ ಕನ್ನಡ ಕಲಿಸೋದು ಬೇಡ ಅಂತಲ್ಲ. ಆ ಮಗುಗೆ ಕನ್ನಡ ಬೇಕೇ ಬೇಕು. ಮುಂದಿನ ಪಾಠ, ಪರೀಕ್ಷೆ, ಕೆಲಸ ಎಲ್ಲ ಅದರ ಮೇಲಿದೆ. ಚಿತ್ರದ ಪುಸ್ತಕ ಅಲ್ಲಿಗೆ ಹೋಗೋ ಸೇತುವೆ. ಸೇತುವೆ ಮೇಲೇ ಮನೆ ಕಟ್ಟೋಕಾಗಲ್ಲ.

ಖರ್ಚು? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಚಿತ್ರಪುಸ್ತಕಗಳನ್ನ ಫೋನಲ್ಲೇ ಪುಕ್ಕಟೆ ನೋಡಬಹುದು. ಅದೂ ಬೇಡ ಅಂದ್ರೆ, ಶಾಲೆಯಲ್ಲಿರೋ ಯಾವುದೇ ಚಿತ್ರಪುಸ್ತಕ ತಗೊಂಡು ಅಕ್ಷರದ ಮೇಲೆ ಬಿಳಿ ಹಾಳೆ ಇಟ್ರೆ ಆಯ್ತು.

ನನಗೆ ತುಂಬಾ ಮುಖ್ಯ ಅನ್ಸಿದ್ದು ಇದು: ಶಾಲೆ ಮೆಟ್ಟಿಲೇ ಹತ್ತದ ಯಾಡಿಯೂ ಈ ಪುಸ್ತಕ ಹಿಡಿದು ಮಗುಗೆ ಕಥೆ ಹೇಳಬಹುದು. ‘ನನಗೆ ಓದೋಕೆ ಬರಲ್ಲ’ ಅಂತ ಅವಳು ಹಿಂದೆ ಸರಿಯಬೇಕಿಲ್ಲ.

ನಿಮ್ಮ ಮನೆಭಾಷೆ ತುಳು, ಉರ್ದು, ಕೊಂಕಣಿ ಏನೇ ಇರಲಿ, ಈ ವಾರ ಒಂದು ಪುಟ್ಟ ಮಗು ಜೊತೆ ಕೂತು ಒಂದು ಪುಸ್ತಕ ತೆರೀರಿ. ನೀವು ಕಡಿಮೆ ಮಾತಾಡಿ, ಅದು ಜಾಸ್ತಿ ಮಾತಾಡಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.